ಒಂದು ‘ಶ’ಕಾರಕ್ಕೆ ಇಪ್ಪತ್ತು ತಿಂಗಳು

2022ರ ಫೆಬ್ರವರಿಯಲ್ಲಿ ನನ್ನ ಪಿ.ಎಫ್. (ಭವಿಷ್ಯ ನಿಧಿ) ಹಣ ಖಾತೆಗೆ ಬಂತು. ಅದರ ಹಿಂದೆ ಬಿದ್ದದ್ದು 2020ರ ಜೂನ್‌ನಲ್ಲಿ. ಲೆಕ್ಕ ಹಾಕಿದರೆ ಇಪ್ಪತ್ತು ತಿಂಗಳು. ನನ್ನ ಜೊತೆ ರೈಲು ಗಾಡಿಯಲ್ಲಿ ಕೆಲಸ ಮಾಡಿದ ಹುಡುಗರಲ್ಲಿ ಅರ್ಧಕ್ಕರ್ಧ ಜನ “ಅದು ಹೋದ ಹಣ ಮಾರಾಯ” ಎಂದು ಕೈಬಿಟ್ಟು ಕೂತಿದ್ದಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ನಾನು ಬಿದ್ದ ಹೊಂಡಕ್ಕೆ ಅವರೂ ಬೀಳುವುದು ಬೇಡ.

ಊರಲ್ಲಿ ಎಲ್ಲರೂ ನನ್ನನ್ನು ರೈಲ್ವೆಯವ ಎಂದೇ ತಿಳಿದಿದ್ದರು. ಯೂನಿಫಾರ್ಮು, ಕುತ್ತಿಗೆಯಲ್ಲಿ ಕಾರ್ಡು. ಆದರೆ ಸಂಬಳ ಕೊಡುತ್ತಿದ್ದದ್ದು ಗುತ್ತಿಗೆ ಕಂಪನಿ. ಮಂಗಳೂರಿನಿಂದ ಸಂಜೆ ಹೊರಡುವ ಒಂದು ಗಾಡಿಯ ಎ.ಸಿ. ಬೋಗಿಯಲ್ಲಿ ಬೆಡ್‌ರೋಲ್ ಕೊಡುವ ಕೆಲಸ. ಒಂದು ಕಟ್ಟಿನಲ್ಲಿ ಎರಡು ಬೆಡ್‌ಶೀಟು, ಒಂದು ದಿಂಬಿನ ಕವರು, ಒಂದು ಸಣ್ಣ ಟವೆಲು. ಅದರ ಮೇಲೆ ದಿಂಬು, ಕಂಬಳಿ. ಕೊಡುವುದು ದೊಡ್ಡ ಕೆಲಸವಲ್ಲ. ಬೆಳಿಗ್ಗೆ ಲೆಕ್ಕ ಒಪ್ಪಿಸುವುದೇ ಕಷ್ಟ. ನಾನು ಮೊದಲು ಹುಡುಕುತ್ತಿದ್ದದ್ದು ಟವೆಲು. ಸೀಟಿನ ಸಂದಿ, ವಾಷ್ ಬೇಸಿನ್ನಿನ ಅಡಿ, ಕೆಲವೊಮ್ಮೆ ಪ್ರಯಾಣಿಕರ ಹೆಗಲ ಮೇಲೆ. ಒಂದು ಕಮ್ಮಿಯಾದರೂ ಸಂಬಳದಿಂದ ಕಟ್. ಒಮ್ಮೆ ಒಬ್ಬರು ಅಜ್ಜ ನಮ್ಮ ಟವೆಲಿನಲ್ಲಿ ಹಲಸಿನ ಹಪ್ಪಳ ಕಟ್ಟಿಕೊಂಡು ಇಳಿದಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಓಡಿ ಹಿಡಿದೆ. ಹಪ್ಪಳವನ್ನೆಲ್ಲ ನನ್ನ ಕೈಗೆ ಸುರಿದು, ಟವೆಲನ್ನು ಅವರೇ ಇಟ್ಟುಕೊಂಡು ಹೊರಟರು!

ಸಂಬಳದ ಲೆಕ್ಕ ಮುಂದೆ ಬೇಕಾಗುತ್ತದೆ, ಈಗಲೇ ಹೇಳುತ್ತೇನೆ. ಕೊನೆಗೆ ನನ್ನ ಸಂಬಳ ತಿಂಗಳಿಗೆ 11,000. ಅದರಲ್ಲಿ ಪಿ.ಎಫ್.ಗೆ ಶೇ. 12, ಅಂದರೆ 1,320. ಇ.ಎಸ್.ಐ.ಗೆ (ನೌಕರರ ವಿಮೆ) ಶೇ. 0.75, ಅಂದರೆ 83. ಕೈಗೆ ಬರುತ್ತಿದ್ದದ್ದು 9,597. ಕಂಪನಿಯೂ ಪಿ.ಎಫ್.ಗೆ ಶೇ. 12 ಹಾಕಬೇಕು. ಆದರೆ ಅದರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗಿ, ಉಳಿದ ಶೇ. 3.67 ಮಾತ್ರ ಪಿ.ಎಫ್. ಖಾತೆಗೆ ಬೀಳುತ್ತದೆ. ಇದು ಗೊತ್ತಿಲ್ಲದೆ “ನನ್ನ ಹಣ ನುಂಗಿದ್ರು” ಎಂದು ಸೈಬರ್ ಅಂಗಡಿಯಲ್ಲಿ ನಾನು ಜೋರು ಮಾಡಿದ್ದೂ ಉಂಟು.

2020ರ ಮಾರ್ಚ್‌ನಲ್ಲಿ ಪ್ರಯಾಣಿಕರ ಗಾಡಿಗಳು ನಿಂತವು. ಜೂನ್ 1ರಿಂದ ಕೆಲವು ಸ್ಪೆಷಲ್ ಗಾಡಿಗಳು ಓಡಿದವು. ಟಿಕೆಟ್ ಪರೀಕ್ಷಕರು ಬಂದರು, ಲೋಕೋ ಪೈಲಟ್‌ಗಳು ಬಂದರು. ನಮ್ಮನ್ನು ಮಾತ್ರ ಯಾರೂ ಕರೆಯಲಿಲ್ಲ. ಸೋಂಕಿನ ಹೆದರಿಕೆಗೆ ಬೆಡ್‌ರೋಲ್, ಕಂಬಳಿ, ಪರದೆ ಎಲ್ಲ ತೆಗೆದಿದ್ದರು. ಗಾಡಿ ಇದೆ, ಬೋಗಿ ಇದೆ, ನಮ್ಮ ಕೆಲಸವೇ ಇಲ್ಲ. ಸೂಪರ್‌ವೈಸರ್ ಹೇಳಿದ್ದು ಒಂದೇ ಮಾತು, “ಆದಾಗ ಫೋನ್ ಮಾಡ್ತೇನೆ.” ಕೆಲಸದಿಂದ ತೆಗೆದದ್ದಕ್ಕೆ ಒಂದು ಕಾಗದವೂ ಇಲ್ಲ. ಆ ಕಾಗದ ಕೇಳಿ ಪಡೆಯದೇ ಇದ್ದದ್ದು ನನ್ನ ಮೊದಲ ತಪ್ಪು. ವಾಟ್ಸ್‌ಆ್ಯಪ್ ಮೆಸೇಜ್ ಆದರೂ ಸಾಕು, ಬರೆಸಿಕೊಳ್ಳಿ.

ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ. ಲಾಕ್‌ಡೌನಿನಲ್ಲಿ ಬೀಡಿ ಬ್ರಾಂಚೂ ಬಂದ್. ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ. ಕಿನ್ನಿಗೋಳಿ ಹತ್ತಿರದ ನಮ್ಮ ಮನೆಯಲ್ಲಿ ಮೂರು ಜನ ದೊಡ್ಡವರು ಮುಖ ಮುಖ ನೋಡಿಕೊಂಡು ಕೂತದ್ದು ಅದೇ ಮೊದಲು. ನಮ್ಮವಳ ಸರ ಸೊಸೈಟಿಗೆ ಹೋಯಿತು. ಆಗ ಅಮ್ಮ ಕೇಳಿದ್ದು: “ನಿನ್ನ ಪಿ.ಎಫ್. ಎಷ್ಟು ಉಂಟು?”

ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಅವರದ್ದು ಗೊತ್ತಿತ್ತು. ಬೀಡಿಯವರಿಗೆ ಪಿ.ಎಫ್. ಮೊದಲಿನಿಂದಲೂ ಉಂಟು. ಹಳೇ ಸ್ಲಿಪ್ಪುಗಳನ್ನೆಲ್ಲ ಅಮ್ಮ ಸೀರೆಯ ಡಬ್ಬದಲ್ಲಿ ಇಟ್ಟಿದ್ದಾರೆ. ನನ್ನ ಹತ್ತಿರ ಇದ್ದದ್ದು ಮಳೆಗೆ ಒದ್ದೆಯಾದ ಎರಡು ಸಂಬಳ ಚೀಟಿ. ಒಂದರಲ್ಲಿ ಅದೃಷ್ಟಕ್ಕೆ ಯು.ಎ.ಎನ್., ಅಂದರೆ ಪಿ.ಎಫ್. ಸದಸ್ಯನ ನಂಬರು, ಓದುವ ಹಾಗೆ ಇತ್ತು. ಹನ್ನೆರಡು ಅಂಕಿ.

ಆ ಮಾರ್ಚ್ 28ರಂದೇ ಸರ್ಕಾರ ಕೋವಿಡ್ ಮುಂಗಡಕ್ಕೆ ದಾರಿ ಮಾಡಿತ್ತು. ಮೂರು ತಿಂಗಳ ಸಂಬಳ ಅಥವಾ ಖಾತೆಯ ಶೇ. 75, ಇವೆರಡರಲ್ಲಿ ಯಾವುದು ಕಮ್ಮಿಯೋ ಅಷ್ಟು ಆಗ ತೆಗೆಯಬಹುದಿತ್ತು. ವಾಪಸ್ ಕಟ್ಟಬೇಕಾಗಿರಲಿಲ್ಲ. ಮೂರು ದಿನದಲ್ಲಿ ಹಣ ಬಂತು ಎಂದು ಪಕ್ಕದ ಮನೆಯ ಹುಡುಗ ಹೇಳಿದ. ನಾನೂ ಹುರುಪಿನಲ್ಲಿ ಸೈಬರಿಗೆ ಹೋದೆ. ನಂಬರು ಒತ್ತಿದ ಕೂಡಲೇ ಒ.ಟಿ.ಪಿ. ಹೋಯಿತು. ಯಾರ ಮೊಬೈಲಿಗೆ? ನನ್ನದಕ್ಕಂತೂ ಅಲ್ಲ. ಕೊನೆಯ ನಾಲ್ಕು ಅಂಕಿ ನೋಡಿ ಫೋನಿನಲ್ಲಿ ಹುಡುಕಿದೆ. ಅದು ನಮ್ಮ ಹಳೇ ಸೂಪರ್‌ವೈಸರ್ ನಂಬರು! ಸೇರುವಾಗ ನಮ್ಮೆಲ್ಲರ ಫಾರಂ ತುಂಬಿದ್ದು ಅವನೇ. ಎಲ್ಲರಿಗೂ ತನ್ನ ನಂಬರನ್ನೇ ಹಾಕಿದ್ದ. ಮೋಸಕ್ಕಲ್ಲ, ಸುಮ್ನೆ ಸುಲಭಕ್ಕೆ. ನಂಬರು ಬದಲಿಸೋಣ ಎಂದರೆ ಆಧಾರ್‌ಗೂ ನನ್ನ ಈಗಿನ ಮೊಬೈಲ್ ಜೋಡಿಸಿರಲಿಲ್ಲ. ಮಂಗಳೂರಿನ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿಗೆ ಎರಡು ಸಲ ಹೋಗಿ ಅದನ್ನು ಮಾಡಿಸಿದೆ. ಆಗ ಫೀಸು 50 ರೂಪಾಯಿ ಇತ್ತು. ಮೊಬೈಲ್ ಬದಲಿಸಲು ದಾಖಲೆ ಏನೂ ಬೇಡ, ಬೆರಳು ಇದ್ದರೆ ಆಯಿತು. ಇದನ್ನು ನೀವು ಕೆಲಸದಲ್ಲಿರುವಾಗಲೇ ಮಾಡಿಡಿ.

ಮೊಬೈಲ್ ಆಯಿತು, ಆಧಾರ್ ಜೋಡಣೆಗೆ ಹೋದೆ. ಹೆಸರು ಹೊಂದುತ್ತಿಲ್ಲ ಎಂದು ಬಂತು. ಆಧಾರ್‌ನಲ್ಲಿ ನಾನು ಹರೀಶ. ಪಿ.ಎಫ್.ನಲ್ಲಿ ಹರೀಸ. ಇಂಗ್ಲಿಷಿನಲ್ಲಿ ಬರೆಯುವಾಗ ಎಸ್ ಆದ ಮೇಲೆ ಬರಬೇಕಾದ ಎಚ್ ಅನ್ನು 2016ರಲ್ಲಿ ಮೊದಲ ಕಂಪನಿಯ ಕ್ಲರ್ಕ್ ನುಂಗಿದ್ದ. ಅಷ್ಟೇ. ಆ ಒಂದು ಅಕ್ಷರಕ್ಕೆ ಎಲ್ಲವೂ ನಿಂತಿತ್ತು. ಆಧಾರ್ ಜೋಡಣೆಯಾಗದೆ ಆನ್‌ಲೈನ್ ಅರ್ಜಿ ಇಲ್ಲ. ಕೆಲಸ ಬಿಟ್ಟ ದಿನಾಂಕವನ್ನು 2020ರಿಂದ ನಾವೇ ಹಾಕಬಹುದು, ಆದರೆ ಅದಕ್ಕೂ ಆಧಾರ್ ಬೇಕು.

ಸೈಬರಿನ ಹುಡುಗ ಉಪಾಯ ಹೇಳಿದ, “ಅಣ್ಣ, ಆಧಾರ್‌ನಲ್ಲೇ ಹರೀಸ ಅಂತ ಮಾಡಿಸಿ ಬಿಡಿ, ನಾಲ್ಕು ದಿನದ ಕೆಲಸ.” ಒಂದು ಕ್ಷಣ ನನಗೂ ಸರಿ ಅನ್ನಿಸಿತು. ದಯವಿಟ್ಟು ಇದನ್ನು ಮಾಡಬೇಡಿ. ಬ್ಯಾಂಕು, ಪ್ಯಾನ್, ರೇಷನ್ ಕಾರ್ಡು ಎಲ್ಲ ಆಧಾರ್ ಹೆಸರಿನಲ್ಲಿವೆ. ಮತ್ತೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಹುಟ್ಟಿದ ದಿನಾಂಕಕ್ಕೆ ಒಂದೇ. ತಪ್ಪು ಎಲ್ಲಿ ಆಗಿದೆಯೋ ಅಲ್ಲಿಯೇ ಸರಿ ಮಾಡಬೇಕು.

ಆಗಸ್ಟಿನಲ್ಲಿ ಹೈಲ್ಯಾಂಡ್ಸ್‌ನ ಪಿ.ಎಫ್. ಕಚೇರಿಗೆ ಹೋದೆ. ಗೇಟಿನಲ್ಲೇ ಜ್ವರ ನೋಡಿ ಒಳಗೆ ಬಿಟ್ಟರು. ಕೌಂಟರಿನಲ್ಲಿದ್ದ ಮೇಡಂ ನನ್ನ ಚೀಟಿ ನೋಡಿ ಮೊದಲು ಹೇಳಿದ್ದು, “ಇದು ನಮ್ಮ ಕೋಡ್ ಅಲ್ಲ.” ಕಂಪನಿ ಹೊರ ರಾಜ್ಯದ್ದು, ಹಾಗಾಗಿ ಖಾತೆಯೂ ಅಲ್ಲಿಯ ಕಚೇರಿಯದ್ದು. ಮೆಂಬರ್ ಐ.ಡಿ.ಯ, ಅಂದರೆ ಪಿ.ಎಫ್. ಖಾತೆ ನಂಬರಿನ, ಮೊದಲ ಅಕ್ಷರಗಳಲ್ಲೇ ಅದು ಗೊತ್ತಾಗುತ್ತದೆ. ಆದರೂ ಅವರು ಕೂರಿಸಿ, ಪೂರ್ತಿ ನೋಡಿ ಹೇಳಿದರು. ನನಗೆ ಎರಡು ಐ.ಡಿ. ಇದ್ದವು. ಟೆಂಡರ್ ಬದಲಾದಾಗ 2019ರಲ್ಲಿ ಎರಡನೇ ಕಂಪನಿ ಬಂದಿತ್ತು, ಅದು ಬೇರೆ ಐ.ಡಿ. ಮೊದಲ ಕಂಪನಿಯ ಹಣ ಎರಡನೆಯದಕ್ಕೆ ವರ್ಗ ಆಗಬೇಕು. ಅದಕ್ಕೂ ಮೊದಲು ಹೆಸರು ಸರಿಯಾಗಬೇಕು. ಹೆಸರಿಗೆ ಜಾಯಿಂಟ್ ಡಿಕ್ಲರೇಶನ್ ಅಂತ ಒಂದು ಫಾರಂ. ಆಗ ನಾನೂ ಕಂಪನಿಯೂ ಇಬ್ಬರೂ ಸಹಿ ಹಾಕಬೇಕಿತ್ತು.

ಆಮೇಲೆ ಮೇಡಂ ಪರದೆ ತಿರುಗಿಸಿ ತೋರಿಸಿದರು. “ಇದು ನೋಡಿದ್ರಾ? 2019ರ ನವೆಂಬರಿನಿಂದ ಕಟ್ಟಿಲ್ಲ.”

ಐದು ತಿಂಗಳು. ನನ್ನ ಸಂಬಳದಿಂದ ತಿಂಗಳಿಗೆ 1,320ರಂತೆ ಹಿಡಿದಿದ್ದಾರೆ, ಖಾತೆಗೆ ಹಾಕಿಲ್ಲ. ಚೀಟಿಯಲ್ಲಿ ಕಡಿತ ಇದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಗಾಡಿ ನಿಲ್ಲುವ ಮೊದಲೇ ಕಂಪನಿ ಕೈ ಬಿಗಿ ಮಾಡಿತ್ತು, ನಮಗೆ ತಿಳಿದಿರಲಿಲ್ಲ. ಅವತ್ತು ಹೊರಗೆ ಬಂದು ಕಂಕನಾಡಿಯವರೆಗೆ ನಡೆದೇ ಹೋದೆ. ಮಳೆ ಬರುತ್ತಿತ್ತು, ಕೊಡೆ ಬಿಡಿಸಿದ ನೆನಪಿಲ್ಲ.

ಕಂಪನಿ ಹುಡುಕುವ ಕಥೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೊದಲನೆಯದು ಮುಚ್ಚಿತ್ತು. ಎರಡನೆಯದರ ಆಫೀಸಿಗೆ ಬೀಗ, ಬೋರ್ಡೂ ಇಲ್ಲ. ಫೋನಿಗೆ ರಿಂಗ್ ಹೋಗುತ್ತದೆ, ಯಾರೂ ಎತ್ತುವುದಿಲ್ಲ. ಈ ನಡುವೆ ಹೊಟ್ಟೆ ಕೇಳುವುದಿಲ್ಲವಲ್ಲ. ಮೀನುಗಾರಿಕೆ ಶುರುವಾದ ಮೇಲೆ ಧಕ್ಕೆಗೆ, ಅಂದರೆ ಮೀನಿನ ಬಂದರಿಗೆ, ಹೋದೆ. ಬೆಳಗಿನ ಜಾವ ಐಸ್ ಹೊಡೆಯುವುದು, ಬಂಗುಡೆ ಬುಟ್ಟಿ ಲಾರಿಗೆ ಏರಿಸುವುದು. ಬಿಳಿ ಬೆಡ್‌ಶೀಟ್ ಮಡಚಿದ ಕೈಗೆ ಮೊದಲ ವಾರ ಐಸಿನ ಗಾಯ. ವಾಸನೆ ಬಸ್ಸಿನಲ್ಲೂ ಬಿಡುತ್ತಿರಲಿಲ್ಲ. ಪಕ್ಕದವರು ಏಳುತ್ತಿದ್ದರು, ನನಗೆ ಸೀಟು ಅಗಲ ಸಿಗುತ್ತಿತ್ತು.

ಧಕ್ಕೆಯಲ್ಲಿ ಸಿಕ್ಕಿದ ಒಬ್ಬರು ಯೂನಿಯನ್ ಅಣ್ಣ ಇನ್ನೊಂದು ದಾರಿ ಹೇಳಿದರು. ಅದನ್ನು ದೊಡ್ಡದಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇ.ಎಸ್.ಐ.ಯಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ ಉಂಟು. ಕೆಲಸ ಹೋದವರಿಗೆ ದಿನದ ಸರಾಸರಿ ಸಂಬಳದ ಅರ್ಧದಷ್ಟು, ಹೆಚ್ಚೆಂದರೆ 90 ದಿನಕ್ಕೆ ಕೊಡುತ್ತಾರೆ. ಮೊದಲು ಕಾಲು ಭಾಗ ಇತ್ತು, ಕೊರೊನಾಕ್ಕೆ ಅರ್ಧ ಮಾಡಿದರು. ಎರಡು ವರ್ಷ ಇ.ಎಸ್.ಐ.ಯಲ್ಲಿ ಇರಬೇಕು, ಕೆಲಸ ಹೋಗುವ ಮೊದಲಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಕಂಪನಿಯ ಬಾಗಿಲು ಕಾಯಬೇಕಾಗಿಲ್ಲ, ನಾವೇ ಅರ್ಜಿ ಹಾಕಬಹುದು. ನನ್ನ ಪುಣ್ಯಕ್ಕೆ ಇ.ಎಸ್.ಐ.ಯಲ್ಲಿ ಹೆಸರು ಸರಿಯಿತ್ತು! ಆನ್‌ಲೈನ್ ಅರ್ಜಿ, ಆಮೇಲೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಶಾಖೆಗೆ ಕೊಟ್ಟೆ. 2021ರ ಜನವರಿಯಲ್ಲಿ 16 ಸಾವಿರದ ಮೇಲೆ ಬಂತು. ಕೇಳಿದ ಹಣ ಬರಲಿಲ್ಲ, ಗೊತ್ತೇ ಇಲ್ಲದ ಹಣ ಬಂತು. ನಮ್ಮವಳ ಸರ ಬಿಡಿಸಿದೆವು.

ಹೆಸರಿನ ವಿಷಯಕ್ಕೆ ಬರುತ್ತೇನೆ. ಕಂಪನಿ ಮುಚ್ಚಿದ್ದರೆ ಬೇರೆ ಯಾರು ಯಾರು ದೃಢೀಕರಿಸಬಹುದು ಎಂದು ಪಿ.ಎಫ್. ಕೌಂಟರಿನ ಮೇಡಂ ಪಟ್ಟಿ ಬರೆದುಕೊಟ್ಟಿದ್ದರು. ಗೆಜೆಟೆಡ್ ಅಧಿಕಾರಿ, ಪೋಸ್ಟ್ ಮಾಸ್ಟರ್, ಖಾತೆ ಇರುವ ಬ್ಯಾಂಕಿನ ಮ್ಯಾನೇಜರ್, ಪಂಚಾಯತ್ ಅಧ್ಯಕ್ಷ, ಮಾನ್ಯತೆ ಪಡೆದ ಶಾಲೆಯ ಮುಖ್ಯಸ್ಥರು. ಮ್ಯಾನೇಜರ್ “ನಾಳೆ ನನ್ನ ತಲೆಗೆ ಬರ್ತದೆ” ಎಂದು ಫಾರಂ ಹಿಂದೆ ತಳ್ಳಿದರು. ನಾನು ಕಲಿತ ಕನ್ನಡ ಶಾಲೆಗೆ ಹೋದೆ.

ಮಕ್ಕಳಿರಲಿಲ್ಲ, ಶಾಲೆ ಪೂರ್ತಿ ತೆರೆದಿರಲಿಲ್ಲ. ಹೆಡ್‌ಮಾಸ್ತರರು ನನ್ನ ಕಾಲದವರಲ್ಲ. ಆದರೂ ಕಪಾಟು ತೆಗೆದು ದಾಖಲಾತಿ ಪುಸ್ತಕ ಹುಡುಕಿದರು. ಬದಿಗೆ ಗೆದ್ದಲು ಹಿಡಿದಿತ್ತು. ಹಾಳೆ ತಿರುವಿ ತಿರುವಿ ಬೆರಳಿಟ್ಟರು. ನೀಲಿ ಶಾಯಿಯಲ್ಲಿ ದುಂಡಗೆ “ಹರೀಶ”. ಪಕ್ಕದಲ್ಲಿ ಅಪ್ಪನ ಸಹಿ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅವರಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ, ತಮ್ಮ ಹೆಸರು. ಶಾಯಿ ಸ್ವಲ್ಪ ಹರಡಿತ್ತು. ಮಾಸ್ತರರು ನನ್ನ ಮುಖ ನೋಡಿ, “ಕೂತ್ಕೊಳ್ಳಿ, ಚಾ ತರಿಸ್ತೇನೆ” ಎಂದರು. ಫಾರಮಿಗೆ ಸಹಿ ಹಾಕಿ, ಸೀಲು ಒತ್ತಿ, ಊದಿ ಒಣಗಿಸಿ ಕೊಟ್ಟರು.

ಸ್ಪೀಡ್ ಪೋಸ್ಟ್ ಮಾಡಿದೆ. ಮೂರು ತಿಂಗಳ ಮೇಲೆ ವಾಪಸ್ ಬಂತು. ಸೀಲು ಕನ್ನಡದಲ್ಲಿದೆ, ಓದಲು ಆಗುತ್ತಿಲ್ಲವಂತೆ! ಹೊರ ರಾಜ್ಯಕ್ಕೆ ಕಳಿಸುವುದಾದರೆ ಇದನ್ನು ಗಮನಿಸಿ. ಮಾಸ್ತರರು ಅದೇ ಸೀಲಿನ ಕೆಳಗೆ ಇಂಗ್ಲಿಷಿನಲ್ಲಿ ಬರೆದು, ಶಾಲೆಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರವನ್ನೂ ಕೊಟ್ಟರು. ಅಷ್ಟರಲ್ಲಿ ಎರಡನೇ ಅಲೆ, ಮತ್ತೆ ಎಲ್ಲ ಬಂದ್. ಪಿ.ಎಫ್. ದೂರಿನ ಪೋರ್ಟಲ್‌ನಲ್ಲಿ ನಂಬರು ಪಡೆದು ಹದಿನೈದು ದಿನಕ್ಕೊಮ್ಮೆ ನೆನಪಿನ ಮೆಸೇಜು ಹಾಕುತ್ತಿದ್ದೆ. ಜುಲೈಯಲ್ಲಿ ಒಂದು ರಾತ್ರಿ ಸುಮ್ನೆ ತೆರೆದು ನೋಡಿದರೆ ಹರೀಶ ಆಗಿದ್ದೆ. ಆಧಾರ್ ಜೋಡಣೆಯಾಯಿತು. ಕೆಲಸ ಬಿಟ್ಟ ದಿನಾಂಕ ನಾನೇ ಹಾಕಿದೆ. ಹಳೇ ಐ.ಡಿ.ಯ ಹಣವೂ ವರ್ಗ ಆಯಿತು.

ಎಲ್ಲ ಮುಗಿಯಿತು ಅಂದುಕೊಂಡರೆ ಬ್ಯಾಂಕು. ನನ್ನದು ಸಿಂಡಿಕೇಟ್ ಖಾತೆ. ಅಮ್ಮ ಪಿಗ್ಮಿ ಕಟ್ಟುತ್ತಿದ್ದದ್ದೂ ಅಲ್ಲಿಯೇ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಜೊತೆ ಸೇರಿತ್ತು. 2021ರ ಜುಲೈ 1ರಿಂದ ಹಳೇ ಐ.ಎಫ್.ಎಸ್.ಸಿ. (ಬ್ಯಾಂಕ್ ಶಾಖೆಯ ಕೋಡ್) ನಡೆಯುವುದಿಲ್ಲ. ಪಿ.ಎಫ್.ನಲ್ಲಿ ಇದ್ದದ್ದು ಹಳೆಯದು. ಹೊಸದು ಹಾಕಿದರೆ ಆಗ ಕಂಪನಿ ಒಪ್ಪಿಗೆ ಕೊಡಬೇಕಿತ್ತು. ಮತ್ತೆ ಅದೇ ಕಂಪನಿ! ಕಾರ್ಪೊರೇಶನ್, ವಿಜಯಾ ಬ್ಯಾಂಕಿನ ಹಳೇ ಖಾತೆ ಇರುವವರೂ ಈಗಲೇ ನೋಡಿಕೊಳ್ಳಿ, ಆ ಕೋಡ್‌ಗಳೂ ಬದಲಾಗಿವೆ.

ಇನ್ನು ಆ ಐದು ತಿಂಗಳು. ಮೊದಲು ನಾನು ಹೋದದ್ದು ರಾಜ್ಯದ ಕಾರ್ಮಿಕ ಕಚೇರಿಗೆ. ರೈಲ್ವೆ ಕೇಂದ್ರದ್ದು, ಕೇಂದ್ರ ಕಾರ್ಮಿಕ ಇಲಾಖೆಯ ಅಧಿಕಾರಿಯ ಹತ್ತಿರ ಹೋಗಿ ಎಂದರು. ಸರಿಯಾದ ಮಾತೇ. ನೀವು ಗುತ್ತಿಗೆ ನೌಕರರಾದರೂ ಕೆಲಸ ರೈಲ್ವೆಯದ್ದಾದರೆ ಅಲ್ಲಿಗೇ ಹೋಗಬೇಕು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, “ಯಾವ ವಲಯ?” ಮಂಗಳೂರಿನಲ್ಲಿ ಇದು ಸುಲಭದ ಪ್ರಶ್ನೆ ಅಲ್ಲ. ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ತೋಕೂರಿನಿಂದ ಆಚೆ ಕೊಂಕಣ ರೈಲ್ವೆ, ಉಡುಪಿಯ ಇಂದ್ರಾಳಿ ನಿಲ್ದಾಣ ಅವರದ್ದು. ಪಡೀಲಿನಿಂದ ಸುಬ್ರಹ್ಮಣ್ಯದ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಒಂದೇ ಊರು, ಮೂರು ಯಜಮಾನರು. ನಿಮ್ಮ ಟೆಂಡರ್ ಕೊಟ್ಟದ್ದು ಯಾರು ಎಂದು ಐ.ಡಿ. ಕಾರ್ಡಿನ ಸೀಲಿನಲ್ಲಿ ಇರುತ್ತದೆ. ಕೆಲಸ ಹೋದ ಮೇಲೆ ಕಾರ್ಡು ಬಿಸಾಡಬೇಡಿ.

ಆಗ ಇದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಸಂಸ್ಥೆಯೇ ಕೊಟ್ಟು, ಆಮೇಲೆ ಅವನಿಂದ ವಸೂಲಿ ಮಾಡಬೇಕಿತ್ತು. ನಾವು ಆರು ಜನ ಸೇರಿ ದೂರು ಕೊಟ್ಟೆವು. ಒಬ್ಬನೇ ಹೋಗುವುದಕ್ಕಿಂತ ಇದು ವಾಸಿ. ಮಾರ್ಚ್ ಕೊನೆಯ ಬಾಕಿ ಸಂಬಳವನ್ನೂ ಸೇರಿಸಿದೆವು. ಮೂರು ಸಲ ದಿನ ಕೊಟ್ಟರು, ಎರಡು ಸಲ ಆ ಕಡೆಯಿಂದ ಯಾರೂ ಬರಲಿಲ್ಲ. ಕೊನೆಗೆ ಕಂಪನಿಗೆ ಬರಬೇಕಾದ ಹಳೇ ಬಿಲ್ಲು ತಡೆಯಿರಿ ಎಂದು ಪತ್ರ ಹೋಯಿತು. ಅದಾಗಿ ಒಂದು ವಾರಕ್ಕೆ ನನ್ನ ಫೋನು ರಿಂಗಾಯಿತು. ಒಂದೂವರೆ ವರ್ಷ ಎತ್ತದ ನಂಬರು! “ಏನಪ್ಪಾ ಹರೀಶ, ಹೇಗಿದ್ದೀ?” ಬಯ್ಯಬೇಕು ಅಂತ ಎಷ್ಟೋ ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಬಾಯಿಗೆ ಬಂದದ್ದು, “ಸರ್, ಬ್ಯಾಂಕಿನದ್ದು ಒಂದು ಅಪ್ರೂವ್ ಮಾಡಿ.”

ಡಿಸೆಂಬರಿನಲ್ಲಿ ಐದು ತಿಂಗಳ ಹಣ ಪಾಸ್‌ಬುಕ್ಕಿನಲ್ಲಿ ಕಂಡಿತು. ಜನವರಿಯಲ್ಲಿ ಅರ್ಜಿ ಹಾಕಿದೆ. ಪಿ.ಎಫ್.ಗೆ ಫಾರಂ 19, ಪಿಂಚಣಿ ಭಾಗಕ್ಕೆ ಫಾರಂ 10 ಸಿ. ಎರಡೂ ಬೇರೆ ಬೇರೆ, ಒಂದು ಹಾಕಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಕೆಲಸಕ್ಕೆ ಐದು ವರ್ಷ ತುಂಬುವ ಮೊದಲು 50 ಸಾವಿರಕ್ಕಿಂತ ಜಾಸ್ತಿ ತೆಗೆದರೆ, ಪ್ಯಾನ್ ಕೊಟ್ಟಿದ್ದರೂ ಶೇ. 10 ತೆರಿಗೆ ಹಿಡಿಯುತ್ತಾರೆ. ನಮ್ಮಂಥ ಕಮ್ಮಿ ಆದಾಯದವರು ಆಗ ಫಾರಂ 15 ಜಿ ಸೇರಿಸಿದರೆ ಹಿಡಿಯುತ್ತಿರಲಿಲ್ಲ. ನಾನು ಮರೆತಿದ್ದೆ. ಅದೃಷ್ಟಕ್ಕೆ ಮೊದಲ ಅರ್ಜಿ ಬೇರೆ ಕಾರಣಕ್ಕೆ ತಿರಸ್ಕಾರ ಆಯಿತು. ಚೆಕ್ ಹಾಳೆಯಲ್ಲಿ ನನ್ನ ಹೆಸರು ಅಚ್ಚಾಗಿರಲಿಲ್ಲ. ಎರಡನೇ ಸಲ ಪಾಸ್‌ಬುಕ್ಕಿನ ಮೊದಲ ಪುಟ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಹಾಕಿದೆ, ಜೊತೆಗೆ 15 ಜಿ ಕೂಡ. ಇಲ್ಲದಿದ್ದರೆ ಎಂಟು ಸಾವಿರದಷ್ಟು ಅಲ್ಲೇ ಹೋಗುತ್ತಿತ್ತು.

ಪಿ.ಎಫ್. 78 ಸಾವಿರ ಚಿಲ್ಲರೆ, ಪಿಂಚಣಿ ಭಾಗ 40 ಸಾವಿರ ದಾಟಿತ್ತು. ಪಿಂಚಣಿ ಭಾಗ ತೆಗೆದದ್ದಕ್ಕೆ ಈಗ ಸ್ವಲ್ಪ ಬೇಜಾರಿದೆ. ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆದಿದ್ದರೆ ಆ ವರ್ಷಗಳು ಮುಂದಿನ ಕೆಲಸಕ್ಕೆ ಸೇರುತ್ತಿದ್ದವು. ಹತ್ತು ವರ್ಷ ಆದರೆ ಪಿಂಚಣಿಗೆ ಹಕ್ಕು ಬರುತ್ತದೆ. ತಲೆಯ ಮೇಲೆ ಸಾಲ ಇಲ್ಲದವರು ಆ ಕಡೆ ಯೋಚಿಸಿ. ಖರ್ಚಿನ ಲೆಕ್ಕ ಅಮ್ಮನ ಬೀಡಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಸೈಬರು, ಜೆರಾಕ್ಸು, ಪೋಸ್ಟು, ಬಸ್ಸು ಎಲ್ಲ ಸೇರಿ 2,740 ರೂಪಾಯಿ. ತಪ್ಪಿಹೋದ ಕೂಲಿ ದಿನಗಳನ್ನು ಬರೆಯಲಿಲ್ಲ.

2022ರ ಮಾರ್ಚ್ 10ರಂದು ಗಾಡಿಗಳಲ್ಲಿ ಮತ್ತೆ ಬೆಡ್‌ರೋಲ್ ಕೊಡಲು ರೈಲ್ವೆ ಆದೇಶ ಮಾಡಿತು. ಆಮೇಲೆ ನನಗೂ ಫೋನ್ ಬಂತು. ಕಂಪನಿ ಹೊಸದು, ಸೂಪರ್‌ವೈಸರ್ ಹೊಸಬ. ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ ಇಳಿದು ಹೋದೆ. ಆತ ನಾಲ್ಕು ಜನರ ಫಾರಂ 11 (ಕೆಲಸಕ್ಕೆ ಸೇರುವಾಗಿನ ಪಿ.ಎಫ್. ಫಾರಂ) ಮುಂದಿಟ್ಟುಕೊಂಡು, “ನೀವು ಸಹಿ ಹಾಕಿ ಸಾಕು, ನಾನು ತುಂಬ್ತೇನೆ” ಎಂದ. ಪೆನ್ನು ನಾನೇ ತೆಗೆದುಕೊಂಡೆ. ಹಳೇ ಯು.ಎ.ಎನ್. ಬರೆದೆ. ಆಧಾರ್ ಪಕ್ಕದಲ್ಲಿಟ್ಟು ಹೆಸರು ಬರೆದೆ, ಎಸ್ ಆದ ಮೇಲೆ ಎಚ್. ಫೋಟೊ ತೆಗೆದುಕೊಂಡೆ. ಹಿಂದೆ ನಿಂತ ಹುಡುಗರು ಕೆಮ್ಮುತ್ತಿದ್ದರು, ಕೆಮ್ಮಲಿ.

ಸಂಜೆ ಮನೆಯಲ್ಲಿ ಅಮ್ಮ ಎಲೆ ಕತ್ತರಿಸುತ್ತಾ ತಲೆ ಎತ್ತದೆ ಕೇಳಿದರು, “ಫೋನ್ ನಂಬರು ಯಾರದ್ದು ಹಾಕಿದ್ದಿ?”

“ನನ್ನದೇ.”